ಹಿಂಬರಹ ಬಂದಿದೆ, ಉತ್ತರ ಬಂದಿಲ್ಲ: ಕಚೇರಿ ಕಾಗದದ ಜಾರುಮಾತನ್ನು ಹಿಡಿಯುವುದು ಹೇಗೆ

ನಮ್ಮ ಬೀದಿಯ ಚರಂಡಿ ಒಡೆದು ಎರಡು ಮಳೆಗಾಲ ಕಳೆದ ಮೇಲೆ ನಾನು ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟೆ. ಆರು ವಾರಕ್ಕೆ ಹಿಂಬರಹ ಬಂತು, ಅಂದರೆ ಅರ್ಜಿಗೆ ಕಚೇರಿ ಬರೆದು ಕೊಡುವ ಕಾಗದ. ಸೀಲು ಇತ್ತು, ಸಹಿ ಇತ್ತು. ಒಳಗಿದ್ದದ್ದು ಒಂದೇ ವಾಕ್ಯ:

“ತಮ್ಮ ಮನವಿಯನ್ನು ಪರಿಶೀಲಿಸಲಾಗಿದ್ದು, ಅನುದಾನದ ಲಭ್ಯತೆಯ ಮೇರೆಗೆ ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದೆಂದು ಈ ಮೂಲಕ ತಿಳಿಯಪಡಿಸಲಾಗಿದೆ.”

ಪಕ್ಕದ ಮನೆಯ ಅಜ್ಜಿಗೆ ಓದಿ ಹೇಳಿದೆ. “ಮಾಡ್ತಾರಂತಲ್ಲ, ಬಿಡಪ್ಪ” ಅಂದರು. ನಾನೂ ಹಾಗೇ ತಿಳಿದು ಕಾಗದವನ್ನು ಫೈಲಿಗೆ ಸೇರಿಸಿದೆ. ಮೂರನೇ ಮಳೆಗಾಲದಲ್ಲಿ ಚರಂಡಿ ನೀರು ಅಜ್ಜಿಯ ಹೊಸ್ತಿಲು ದಾಟಿ ಒಳಗೆ ಬಂತು. ಆವತ್ತು ರಾತ್ರಿ ಕಾಗದ ತೆಗೆದು ಮತ್ತೆ ಓದಿದೆ. ಮಾಡುತ್ತೇವೆ ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ಮಾಡುವುದಿಲ್ಲ ಅಂತಲೂ ಇರಲಿಲ್ಲ.

ಇಂಥ ಕಾಗದ ನಿಮ್ಮ ಮನೆಯಲ್ಲೂ ಒಂದಾದರೂ ಇರುತ್ತದೆ. ಪೌತಿ ಖಾತೆಯದ್ದೋ, ಪಿಂಚಣಿಯದ್ದೋ, ಬೀದಿ ದೀಪದ್ದೋ. ಅದನ್ನು ಹೊರಗೆ ತೆಗೆದಿಟ್ಟುಕೊಂಡು ಮುಂದೆ ಓದಿ. ಒಂದು ಪೆನ್ಸಿಲ್ ಕೂಡ ಇರಲಿ.

ಮೊದಲ ಹೆಜ್ಜೆ: ಕ್ರಿಯಾಪದದ ಬಾಲ ನೋಡಿ

ಕನ್ನಡದಲ್ಲಿ ಒಂದು ಅನುಕೂಲ ಇದೆ. ‘ಮಾಡುತ್ತೇನೆ’ ಅಂದರೆ ಸಾಕು, ‘ನಾನು’ ಅಂತ ಬೇರೆ ಹೇಳಬೇಕಿಲ್ಲ. ಮಾಡುವವರು ಕ್ರಿಯಾಪದದ ಬಾಲದಲ್ಲೇ ಕೂತಿರುತ್ತಾರೆ. ಮಾಡುತ್ತೀರಿ, ಮಾಡುತ್ತಾಳೆ, ಮಾಡುತ್ತೇವೆ. ಯಾರು ಅನ್ನುವುದು ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

‘ಮಾಡಲಾಗುವುದು’ ಹಾಗಲ್ಲ. ಅದರ ಬಾಲದಲ್ಲಿ ಯಾರೂ ಇಲ್ಲ. ಶಾಲೆಯಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಕಲಿತದ್ದು ನೆನಪಿದೆಯಾ? ಅಲ್ಲಿಯಾದರೂ ‘ಇಂದ’ ಅಂತ ಒಂದು ಪ್ರತ್ಯಯ ಸೇರಿಸುತ್ತಿದ್ದೆವು. ರಾಮನಿಂದ, ಸೀತೆಯಿಂದ. ಮಾಡಿದವರು ವಾಕ್ಯದೊಳಗೆ ಉಳಿಯುತ್ತಿದ್ದರು. ಕಚೇರಿ ಕಾಗದದಲ್ಲಿ ಆ ‘ಇಂದ’ ಕೂಡ ಬಿದ್ದುಹೋಗಿರುತ್ತದೆ. ಮನೆಯಲ್ಲಿ ಯಾವ ತಾಯಿಯೂ “ಅನ್ನ ಬಡಿಸಲಾಗುವುದು” ಅನ್ನುವುದಿಲ್ಲ. ಮಾತಾಡುವ ಕನ್ನಡದಲ್ಲಿ ನಾವು ಈ ರೂಪವನ್ನು ಬಳಸುವುದೇ ಕಡಿಮೆ. ಬರೆಯುವಾಗ, ಅದರಲ್ಲೂ ಮೇಲಿನವರು ಕೆಳಗಿನವರಿಗೆ ಬರೆಯುವಾಗ, ಅದು ಜಾಸ್ತಿ.

ಆದ್ದರಿಂದ ಕಾಗದದಲ್ಲಿ ‘ಲಾಗಿದೆ’, ‘ಲಾಗುವುದು’, ‘ಲಾಗುತ್ತಿದೆ’ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಒಂದು ಸುತ್ತು ಹಾಕಿ. ಪಕ್ಕದಲ್ಲಿ ‘ಯಾರಿಂದ?’ ಅಂತ ಬರೆಯಿರಿ. ನನ್ನ ಕಾಗದದ ಆ ಒಂದೇ ವಾಕ್ಯದಲ್ಲಿ ಮೂರು ಸುತ್ತು ಬಿದ್ದವು. ಪರಿಶೀಲಿಸಿದವರು ಯಾರು, ಕೈಗೊಳ್ಳುವವರು ಯಾರು, ತಿಳಿಸುತ್ತಿರುವವರು ಯಾರು? ಮೂರಕ್ಕೂ ಉತ್ತರ ಇರಲಿಲ್ಲ.

ಎರಡನೇ ಹೆಜ್ಜೆ: ಪದ ಪದ ಬಿಡಿಸಿ

‘ಪರಿಶೀಲಿಸಲಾಗಿದ್ದು’: ಪರಿಶೀಲಿಸಿದ ಮೇಲೆ ಏನು ಕಂಡಿತು? ಚರಂಡಿ ಒಡೆದಿದೆ ಅಂತಲೋ, ಒಡೆದಿಲ್ಲ ಅಂತಲೋ? ‘ಇದ್ದು’ ಅಂತ ಕೊಂಡಿ ಹಾಕಿ ವಾಕ್ಯ ಮುಂದಕ್ಕೆ ಓಡುತ್ತದೆ. ಕಂಡದ್ದನ್ನು ಹೇಳುವ ಜಾಗ ಖಾಲಿ ಬಿಟ್ಟು ಓಡುತ್ತದೆ. ನಿಜವಾಗಿ ಯಾರಾದರೂ ಬಂದು ನೋಡಿದ್ದರೆ ಸ್ಥಳ ಪರಿಶೀಲನಾ ವರದಿ ಇರಬೇಕು, ಅದಕ್ಕೊಂದು ದಿನಾಂಕ ಇರಬೇಕು.

‘ಅನುದಾನದ ಲಭ್ಯತೆಯ ಮೇರೆಗೆ’: ಇದು ಷರತ್ತು. ಇಡೀ ವಾಕ್ಯದಲ್ಲಿ ನಿಜವಾದ ತೂಕ ಇರುವ ಮಾತು ಇದೊಂದೇ. ಅನುದಾನ ಇಲ್ಲ ಅನ್ನುವುದು ನಿಜವೇ ಇರಬಹುದು. ಆದರೆ ಈ ವಾಕ್ಯ ಇಲ್ಲ ಅಂತ ಹೇಳುತ್ತಿಲ್ಲ, ಇದೆ ಅಂತಲೂ ಹೇಳುತ್ತಿಲ್ಲ. ಕೇಳಬೇಕಾದದ್ದು ಹೀಗೆ: ಈ ಕೆಲಸ ಈ ವರ್ಷದ ಕ್ರಿಯಾ ಯೋಜನೆಯಲ್ಲಿ, ಅಂದರೆ ವರ್ಷದಲ್ಲಿ ಮಾಡುವ ಕೆಲಸಗಳ ಪಟ್ಟಿಯಲ್ಲಿ, ಇದೆಯೇ? ಅಂದಾಜು ಪಟ್ಟಿ ಆಗಿದೆಯೇ? ಎಷ್ಟು ರೂಪಾಯಿಯದ್ದು? ಕ್ರಿಯಾ ಯೋಜನೆಯಲ್ಲಿ ಸೇರದ ಕೆಲಸ ಅನುದಾನ ಬಂದರೂ ಆಗುವುದು ಕಷ್ಟ. ನಮ್ಮ ಚರಂಡಿ ಸೇರಿರಲೇ ಇಲ್ಲ. ಅದು ಗೊತ್ತಾಗಿದ್ದರೆ ನಾನು ಒಂದು ವರ್ಷ ಸುಮ್ನೆ ಕಾಯುತ್ತಿರಲಿಲ್ಲ.

‘ನಿಯಮಾನುಸಾರ’: ಯಾವ ನಿಯಮ? ನಿಯಮಕ್ಕೆ ಹೆಸರು, ವರ್ಷ, ಸಂಖ್ಯೆ ಇರುತ್ತದೆ. ಇಲ್ಲದಿದ್ದರೆ ಈ ಪದವನ್ನು ಅಳಿಸಿ ಓದಿ ನೋಡಿ. ಅರ್ಥ ಏನೂ ಬದಲಾಗುವುದಿಲ್ಲ.

‘ಸೂಕ್ತ ಕ್ರಮ’: ಯಾರಿಗೆ ಸೂಕ್ತ? ಏನೂ ಮಾಡದಿರುವುದೇ ಸೂಕ್ತ ಅಂತ ನಾಳೆ ತೀರ್ಮಾನಿಸಿದರೂ ಈ ಕಾಗದದ ಮಾತು ತಪ್ಪಿದಂತೆ ಆಗುವುದಿಲ್ಲ. ಯಾವ ಮಾತನ್ನು ಮುಂದೆ ಯಾವತ್ತೂ ‘ನೀವು ಮಾತು ತಪ್ಪಿದಿರಿ’ ಅಂತ ತೋರಿಸಲು ಆಗುವುದಿಲ್ಲವೋ, ಅದು ಮಾತು ಕೊಟ್ಟದ್ದೇ ಅಲ್ಲ. ನಾನು ಈಗ ಎಲ್ಲ ಭರವಸೆಯನ್ನೂ ಅಳೆಯುವುದು ಇದೊಂದೇ ಕೋಲಿನಲ್ಲಿ. ತಪ್ಪಿದರೆ ತಪ್ಪಿತು ಅಂತ ಹೇಗೆ ಗೊತ್ತಾಗುತ್ತದೆ? ಗೊತ್ತಾಗುವ ದಾರಿ ಇಲ್ಲದಿದ್ದರೆ ಆ ಸಾಲಿನ ಕೆಳಗೆ ಗೆರೆ ಎಳೆಯಿರಿ.

ನಿಮ್ಮ ಕಾಗದದಲ್ಲಿ ಇನ್ನೂ ಬೇರೆ ಇರಬಹುದು. ‘ಶೀಘ್ರದಲ್ಲಿ’, ‘ಆದ್ಯತೆಯ ಮೇರೆಗೆ’, ‘ಕಾಲಮಿತಿಯೊಳಗೆ’. ಈ ಕೊನೆಯದನ್ನು ಸ್ವಲ್ಪ ಗಮನಿಸಿ. ಮಿತಿ ಅನ್ನುವ ಪದ ಇದೆ, ಮಿತಿ ಎಷ್ಟು ಅನ್ನುವುದು ಇಲ್ಲ. ‘ಸಂಬಂಧಪಟ್ಟವರಿಗೆ ಸೂಚಿಸಲಾಗಿದೆ’ ಅಂತ ಇದ್ದರೆ, ಸೂಚಿಸಿದ ಪತ್ರಕ್ಕೆ ಸಂಖ್ಯೆ, ದಿನಾಂಕ ಇರಲೇಬೇಕು. ಅದನ್ನೇ ಕೇಳಿ.

ಮೂರನೇ ಹೆಜ್ಜೆ: ‘ವಿಲೇ’ ಅಂದರೆ ಕೆಲಸ ಆಯಿತು ಅಂತಲ್ಲ

ಇದು ಜನರನ್ನು ತುಂಬಾ ದಾರಿ ತಪ್ಪಿಸುವ ಪದ. ಆನ್‌ಲೈನ್‌ನಲ್ಲಿ ದೂರು ಹಾಕಿರುತ್ತೀರಿ. ಒಂದು ದಿನ ಮೊಬೈಲ್‌ಗೆ ಮೆಸೇಜ್ ಬರುತ್ತದೆ, ‘ನಿಮ್ಮ ಅರ್ಜಿ ವಿಲೇ ಆಗಿದೆ’ ಅಥವಾ ‘ಮುಕ್ತಾಯಗೊಳಿಸಲಾಗಿದೆ’. ಓಹ್, ಆಯಿತು ಅಂದುಕೊಳ್ಳುತ್ತೇವೆ. ಮುಕ್ತಾಯ ಆದದ್ದು ಅರ್ಜಿ. ಚರಂಡಿ ಹಾಗೇ ಇದೆ. ಕಚೇರಿಯ ಲೆಕ್ಕದಲ್ಲಿ ನಿಮ್ಮ ಅರ್ಜಿಯನ್ನು ಬೇರೆ ಇಲಾಖೆಗೆ ಕಳಿಸಿದರೂ ಅದು ಇಲ್ಲಿ ವಿಲೇ. ತಿರಸ್ಕರಿಸಿದರೂ ವಿಲೇ. ಒಂದು ಹಿಂಬರಹ ಕೊಟ್ಟರೂ ವಿಲೇ.

ಅಂಥ ಮೆಸೇಜ್ ಬಂದ ದಿನವೇ ಸ್ಥಳಕ್ಕೆ ಹೋಗಿ ಫೋಟೋ ತೆಗೆಯಿರಿ. ದಿನಾಂಕ ಬೀಳುವಂತೆ ತೆಗೆಯಿರಿ. ದೂರನ್ನು ಮತ್ತೆ ತೆರೆಯುವ ಅವಕಾಶ ಅಲ್ಲಿ ಇದ್ದರೆ ಅವತ್ತೇ ಬಳಸಿ. ಇಲ್ಲದಿದ್ದರೆ ಹೊಸ ಅರ್ಜಿಯಲ್ಲಿ ಹಳೆಯ ದೂರಿನ ಸಂಖ್ಯೆ ಹಾಕಿ, “ಈ ಸಂಖ್ಯೆಯ ದೂರನ್ನು ಮುಕ್ತಾಯಗೊಳಿಸಿದ್ದೀರಿ. ಕೆಲಸ ಆಗಿಲ್ಲ. ಮುಕ್ತಾಯಗೊಳಿಸಲು ಆಧಾರವಾದ ವರದಿಯ ಪ್ರತಿ ಕೊಡಿ” ಅಂತ ಬರೆಯಿರಿ.

ನಾಲ್ಕನೇ ಹೆಜ್ಜೆ: ಕೌಂಟರಿನ ಮಾತನ್ನು ಅವತ್ತೇ ಕಾಗದಕ್ಕೆ ಇಳಿಸಿ

“ನೋಡೋಣ.” “ಆಗುತ್ತೆ ಬಿಡಿ.” “ಫೈಲು ಮೇಲಕ್ಕೆ ಹೋಗಿದೆ.” ಮಾತಿನಲ್ಲಿ ಜಾರುವುದು ಇನ್ನೂ ಸುಲಭ. ನಮ್ಮ ಕಡೆ ‘ನೋಡೋಣ’ ಅನ್ನುವುದು ‘ಇಲ್ಲ’ ಅನ್ನಲು ಸಂಕೋಚ ಪಡುವವರ ಮಾತು ಕೂಡ ಹೌದು. ಮದುವೆಗೆ ಕರೆದರೆ ‘ನೋಡೋಣ’ ಅನ್ನುತ್ತೇವೆ, ಬರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿರುತ್ತದೆ. ಅಲ್ಲಿ ಅದು ಮರ್ಯಾದೆ. ಪಿಂಚಣಿ ನಿಂತುಹೋದ ವಿಧವೆಗೆ ‘ನೋಡೋಣ’ ಅಂದರೆ ಅವಳು ಬಸ್ ಚಾರ್ಜ್ ಹಾಕಿಕೊಂಡು ಮುಂದಿನ ವಾರ ಮತ್ತೆ ಬರುತ್ತಾಳೆ.

ಕೋಪ ಮಾಡಿಕೊಳ್ಳಬೇಡಿ. ಎದುರಿಗಿರುವ ಕೇಸ್ ವರ್ಕರ್‌ಗೆ ದಿನಾಂಕ ಹೇಳುವ ಅಧಿಕಾರವೇ ಇಲ್ಲದಿರಬಹುದು. ಸಹಿ ಮಾಡುವವರು ಬೇರೆ ಇರುತ್ತಾರೆ. ಬೈದರೆ ಬೈಸಿಕೊಳ್ಳುವವರು ಅವರು, ತೀರ್ಮಾನ ಮಾಡುವವರು ಒಳಗಿನ ಕೋಣೆಯಲ್ಲಿ. ಹೀಗೆ ಕೇಳಿ ನೋಡಿ: “ಸರ್, ಇದನ್ನು ತೀರ್ಮಾನ ಮಾಡುವವರು ಯಾರು? ಫೈಲು ಈಗ ಯಾರ ಟೇಬಲ್ ಮೇಲಿದೆ? ಫೈಲ್ ನಂಬರ್ ಏನು?” ಈ ಮೂರಕ್ಕೆ ಉತ್ತರ ಕೊಡಲು ಅವರಿಗೆ ಯಾವ ಅಧಿಕಾರವೂ ಬೇಕಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನವರು ಹೇಳುತ್ತಾರೆ. ಕೆಲವರು ಚೀಟಿಯಲ್ಲಿ ಬರೆದೂ ಕೊಡುತ್ತಾರೆ.

ಮನೆಗೆ ಬಂದ ಮೇಲೆ, ಅವತ್ತೇ, ನಾಲ್ಕು ಸಾಲಿನ ಪತ್ರ ಬರೆಯಿರಿ. “ಇಂದು ಬೆಳಗ್ಗೆ 11 ಗಂಟೆಗೆ ತಮ್ಮ ಕಚೇರಿಗೆ ಬಂದಾಗ, ಕಡತವನ್ನು ಮೇಲಧಿಕಾರಿಗಳಿಗೆ ಮಂಡಿಸಿರುವುದಾಗಿ ತಿಳಿಸಿದಿರಿ. ನಾನು ತಿಳಿದುಕೊಂಡದ್ದು ತಪ್ಪಾಗಿದ್ದರೆ 7 ದಿನದೊಳಗೆ ದಯವಿಟ್ಟು ತಿಳಿಸಿ.” ಇದನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಈ ಪತ್ರ ಯಾರನ್ನೂ ದೂರುವುದಿಲ್ಲ. ಅವರು ಆಡಿದ ಮಾತಿಗೆ ಒಂದು ದಿನಾಂಕ ಹಾಕುತ್ತದೆ, ಅಷ್ಟೇ.

ಐದನೇ ಹೆಜ್ಜೆ: ನಮ್ಮ ಅರ್ಜಿಯನ್ನೇ ತಿರುಗಿಸಿ ನೋಡಿ

ಇದನ್ನು ಬರೆಯುವಾಗ ನನಗೆ ಬೇಸರವೇ ಆಗುತ್ತದೆ. ಆ ಹಿಂಬರಹದ ಜೊತೆ ನನ್ನ ಮೊದಲ ಅರ್ಜಿಯ ನಕಲನ್ನೂ ತೆಗೆದು ಓದಿದೆ. ಕೊನೆಯ ಸಾಲು ಹೀಗಿತ್ತು: “ಆದ್ದರಿಂದ ತಾವುಗಳು ಈ ಬಗ್ಗೆ ಗಮನ ಹರಿಸಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.” ಸೂಕ್ತ ಕ್ರಮ ಅನ್ನುವ ಪದ ಅವರದ್ದಲ್ಲ, ನನ್ನದು! ನಾನು ಕೇಳಿದ್ದನ್ನೇ ಅವರು ಹಿಂದಕ್ಕೆ ಕೊಟ್ಟಿದ್ದರು.

ಶಾಲೆಯಿಂದಲೂ ನಮಗೆ ಪತ್ರ ಲೇಖನ ಕಲಿಸುವುದು ಹೀಗೇ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಶುರು, ‘ಸೂಕ್ತ ಕ್ರಮ’ ಅಂತ ಮುಕ್ತಾಯ. ಆ ಅಚ್ಚನ್ನು ಬಿಡಿ. ಬದಲಿಗೆ ಹೀಗೆ ಬರೆಯಿರಿ:

“2ನೇ ವಾರ್ಡಿನಲ್ಲಿ ಶಾಲೆಯ ಹಿಂದಿನ ಅಡ್ಡರಸ್ತೆಯ ಎಡಬದಿಯಲ್ಲಿ ಸುಮಾರು 60 ಮೀಟರ್ ಚರಂಡಿ ಒಡೆದಿದೆ. ಫೋಟೋ ಲಗತ್ತಿಸಿದೆ. ಈ ಕೆಲಸಕ್ಕೆ ಅಂದಾಜು ಪಟ್ಟಿ ತಯಾರಿಸಿ. ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇರಿಸಿ. ಸೇರಿಸಲು ಆಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಿ.”

ನೋಡಿ, ಇದಕ್ಕೆ ‘ಸೂಕ್ತ ಕ್ರಮ’ ಅಂತ ಉತ್ತರ ಬರೆಯುವುದು ಕಷ್ಟ. ಬರೆದರೂ ಅದು ಉತ್ತರ ಅಲ್ಲ ಅಂತ ಓದಿದವರಿಗೆಲ್ಲ ಕಾಣುತ್ತದೆ. ಒಂದು ಅರ್ಜಿಗೆ ಒಂದೇ ವಿಷಯ ಇಡಿ. ಚರಂಡಿ, ಬೀದಿ ದೀಪ, ನೀರು ಮೂರೂ ಸೇರಿಸಿದರೆ ದೀಪಕ್ಕೆ ಉತ್ತರ ಕೊಟ್ಟು ಮೂರನ್ನೂ ಮುಗಿಸಬಹುದು.

ಹಳ್ಳಿಯಲ್ಲಿದ್ದರೆ ಗ್ರಾಮ ಸಭೆ ಬಿಡಬೇಡಿ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಅದು ನಡೆಯಬೇಕು. ಅಲ್ಲಿ ಎದ್ದು ನಿಂತು ಹೇಳಿದರೆ ಸಾಲದು. “ಇದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ” ಅನ್ನಿ. ‘ಚರ್ಚಿಸಲಾಯಿತು’ ಅಂತ ಬರೆದಿದ್ದರೆ ಅದೂ ಖಾಲಿ ಮಾತೇ. ಚರ್ಚಿಸಿ ಏನು ತೀರ್ಮಾನ ಆಯಿತು ಅನ್ನುವುದು ಬರಬೇಕು.

ಆರನೇ ಹೆಜ್ಜೆ: ಮಾಹಿತಿ ಹಕ್ಕನ್ನು ಸರಿಯಾದ ಪ್ರಶ್ನೆಗೆ ಬಳಸಿ

ಜಾರುಮಾತಿನ ಹಿಂದೆ ಏನಿದೆ ಅಂತ ನೋಡಲು 2005ರ ಮಾಹಿತಿ ಹಕ್ಕು ಅಧಿನಿಯಮಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಉತ್ತರ 30 ದಿನದೊಳಗೆ ಬರಬೇಕು.

ಇಲ್ಲಿ ತುಂಬಾ ಜನ ಎಡವುತ್ತಾರೆ. “ನಮ್ಮ ಚರಂಡಿ ಯಾಕೆ ದುರಸ್ತಿ ಮಾಡಿಲ್ಲ?” ಅಂತ ಕೇಳುತ್ತಾರೆ. “ತಾವು ಕೋರಿರುವುದು ಪ್ರಶ್ನಾರೂಪದಲ್ಲಿರುವುದರಿಂದ ಒದಗಿಸಲು ಅವಕಾಶವಿರುವುದಿಲ್ಲ” ಅಂತ ಉತ್ತರ ಬರುತ್ತದೆ. ಕಡತದಲ್ಲಿ ಇರುವುದನ್ನು ಮಾತ್ರ ಕೊಡಬೇಕು, ಇಲ್ಲದ ಮಾಹಿತಿಯನ್ನು ಹೊಸದಾಗಿ ತಯಾರಿಸಿ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಾಗಾಗಿ ‘ಯಾಕೆ’ ಬಿಡಿ. ಕಾಗದ ಕೇಳಿ:

“ನನ್ನ ಅರ್ಜಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ. ಹಿಂಬರಹದಲ್ಲಿ ಹೇಳಿರುವ ಪರಿಶೀಲನೆಯ ವರದಿಯ ಪ್ರತಿ. ಈ ಸಾಲಿನ ಕ್ರಿಯಾ ಯೋಜನೆಯ ಪ್ರತಿ.”

ಟಿಪ್ಪಣಿ ಹಾಳೆ ಮುಖ್ಯ. ಯಾವ ದಿನ ಯಾರು ಏನು ಬರೆದರು, ಯಾರ ಟೇಬಲ್ ಮೇಲೆ ಎಷ್ಟು ದಿನ ಇತ್ತು, ಎಲ್ಲ ಅಲ್ಲಿರುತ್ತದೆ. ಹಿಂಬರಹದಲ್ಲಿ ಕಾಣೆಯಾದ ಕರ್ತೃ ಸಿಗುವುದು ಆ ಹಾಳೆಯಲ್ಲಿ. ಎ4 ಪುಟಕ್ಕೆ 2 ರೂಪಾಯಿ. ಪ್ರತಿ ಬೇಡ, ಕಡತವನ್ನೇ ಕೂತು ನೋಡುತ್ತೇನೆ ಅಂದರೂ ಕಾನೂನಿನಲ್ಲಿ ಅವಕಾಶ ಇದೆ.

ನನಗೆ ಸಿಕ್ಕ ಹಾಳೆಯಲ್ಲಿ ಪರಿಶೀಲನೆಯ ಮಾತೇ ಇರಲಿಲ್ಲ. ನನ್ನ ಅರ್ಜಿ ಬಂದ ದಿನಾಂಕ, ‘ಹಿಂಬರಹ ನೀಡಬಹುದು’ ಅನ್ನುವ ಒಂದು ಸಾಲು, ಕೆಳಗೆ ಸಹಿ. ಯಾರೂ ಬೀದಿಗೆ ಬಂದಿರಲಿಲ್ಲ. ಇನ್ನೊಂದು ಪ್ರಶ್ನೆಗೆ ಬಂದ ಉತ್ತರ ‘ಮಾಹಿತಿ ಲಭ್ಯವಿರುವುದಿಲ್ಲ’. ಈ ಮಾತಿಗೆ ಕನಿಷ್ಠ ಮೂರು ಅರ್ಥ ಇದೆ. ಆ ದಾಖಲೆ ಹುಟ್ಟಲೇ ಇಲ್ಲ ಅಂತಿರಬಹುದು. ಇತ್ತು, ಕಳೆದುಹೋಗಿದೆ ಅಂತಿರಬಹುದು. ಬೇರೆ ಕಚೇರಿಯಲ್ಲಿದೆ ಅಂತಲೂ ಇರಬಹುದು. ಬೇರೆ ಕಚೇರಿಯಲ್ಲಿದ್ದರೆ ನಿಮ್ಮ ಅರ್ಜಿಯನ್ನು 5 ದಿನದೊಳಗೆ ಅವರೇ ಅಲ್ಲಿಗೆ ವರ್ಗಾಯಿಸಬೇಕು. ಮೂರರಲ್ಲಿ ಯಾವುದು ಅಂತ ಮೇಲ್ಮನವಿಯಲ್ಲಿ ನೇರವಾಗಿ ಕೇಳಿ.

ಮೊದಲ ಮೇಲ್ಮನವಿಗೆ 30 ದಿನದ ಅವಕಾಶ, ಅದೇ ಇಲಾಖೆಯ ಮೇಲಧಿಕಾರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಅಧಿನಿಯಮದ 20ನೇ ಕಲಂ ಓದಿದಾಗ ನನಗೆ ಧೈರ್ಯ ಬಂತು. ಮಾಹಿತಿ ಕೊಡದಿದ್ದರೆ ಮಾತ್ರ ದಂಡ ಅಂತ ಅದರಲ್ಲಿಲ್ಲ. ಗೊತ್ತಿದ್ದೂ ಅಪೂರ್ಣ ಮಾಹಿತಿ ಅಥವಾ ದಾರಿ ತಪ್ಪಿಸುವ ಮಾಹಿತಿ ಕೊಟ್ಟರೂ ದಂಡ ಹಾಕಬಹುದು ಅಂತಿದೆ. ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ. ಜಾರುಮಾತು ಬರೀ ಬರವಣಿಗೆಯ ದೋಷ ಅಲ್ಲ ಅಂತ ಕಾನೂನೇ ಒಪ್ಪಿಕೊಂಡಿದೆ.

ಜಾತಿ ಪ್ರಮಾಣ ಪತ್ರದಂಥ ಸೇವೆಯಾದರೆ ಇಷ್ಟೆಲ್ಲ ಬೇಡ, ಸರ್ಕಾರಿ ಸೇವೆಗೆ ಗಡುವು ಹಾಕುವ ‘ಸಕಾಲ’ ಕಾನೂನು ಇದೆ. 2011ರ ಆ ಕಾನೂನಿನಲ್ಲಿ ಪಟ್ಟಿ ಮಾಡಿದ ಪ್ರತಿ ಸೇವೆಗೂ ಇಷ್ಟು ದಿನ ಅಂತ ನಿಗದಿ ಇದೆ. ಅರ್ಜಿ ಕೊಟ್ಟಾಗ 15 ಅಂಕಿಯ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಹಣ ಸಣ್ಣದು. ಆದರೆ ಅಲ್ಲಿ ‘ಶೀಘ್ರದಲ್ಲಿ’ ಅನ್ನಲು ಆಗುವುದಿಲ್ಲ.

ಏಳನೇ ಹೆಜ್ಜೆ: ಭರವಸೆಗೆ ಒಂದು ಪುಸ್ತಕ ಇಡಿ

ಇದನ್ನು ನಾನು ಕಲಿತದ್ದು ಸಂಸತ್ತಿನಿಂದ. ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದಿದೆ. 1953ರ ಡಿಸೆಂಬರ್ 1ರಂದು ಮೊದಲ ಬಾರಿಗೆ ರಚನೆಯಾಯಿತು. ಸಚಿವರು ಸದನದಲ್ಲಿ ಕೊಟ್ಟ ಭರವಸೆ ಈಡೇರಿತೇ ಇಲ್ಲವೇ ಅಂತ ಬೆನ್ನು ಹತ್ತುವುದು ಅದರ ಕೆಲಸ. ಯಾವ ಯಾವ ಮಾತನ್ನು ಭರವಸೆ ಅಂತ ಎಣಿಸಬೇಕು ಅನ್ನುವುದಕ್ಕೆ ಅವರಲ್ಲಿ ಒಂದು ಪಟ್ಟಿ ಇದೆ. ‘ವಿಷಯ ಪರಿಶೀಲನೆಯಲ್ಲಿದೆ’, ‘ನಾನು ಗಮನಿಸುತ್ತೇನೆ’, ‘ವಿಚಾರಣೆ ನಡೆಯುತ್ತಿದೆ’ ಇವೆಲ್ಲ ಆ ಪಟ್ಟಿಯಲ್ಲಿವೆ! ನಾವು ನುಣುಚುವ ಮಾತು ಅಂದುಕೊಳ್ಳುವುದನ್ನು ಸದನ ಸಾಲ ಅಂತ ಬರೆದಿಟ್ಟುಕೊಳ್ಳುತ್ತದೆ. ತೀರಿಸಲು ಮೂರು ತಿಂಗಳ ಗಡುವು. ನಮ್ಮ ವಿಧಾನಮಂಡಲದಲ್ಲೂ ಇಂಥ ಸಮಿತಿ ಇದೆ. ಹಾಗಾಗಿ ನಿಮ್ಮ ಊರಿನ ದೊಡ್ಡ ಸಮಸ್ಯೆ ಇದ್ದರೆ ಶಾಸಕರಿಗೆ ಬರೀ ಮನವಿ ಕೊಡಬೇಡಿ. ಸದನದಲ್ಲಿ ಪ್ರಶ್ನೆಯಾಗಿ ಕೇಳಲು ಹೇಳಿ.

ನಮ್ಮ ಬೀದಿಗೆ ನಾವೇ ಒಂದು ನೋಟ್‌ಬುಕ್ ಮಾಡಿದೆವು. ದಿನಾಂಕ, ಹೇಳಿದವರ ಹುದ್ದೆ, ಹೇಳಿದ ಮಾತು ಇದ್ದ ಹಾಗೇ, ಮುಂದೆ ಕೇಳಬೇಕಾದ ದಿನ. ‘ಇದ್ದ ಹಾಗೇ’ ಅನ್ನುವುದು ಮುಖ್ಯ. ‘ಆಗುತ್ತೆ’ ಅಂದಿದ್ದರೆ ‘ಮಾಡುತ್ತೇವೆ ಅಂದರು’ ಅಂತ ಬರೆಯಬೇಡಿ. ಆಸೆಯಿಂದ ಮಾತನ್ನು ಸ್ವಲ್ಪ ಗಟ್ಟಿ ಮಾಡಿ ಕೇಳಿಸಿಕೊಳ್ಳುವುದು ನಮ್ಮ ಕಡೆಯ ತಪ್ಪು. ಅಜ್ಜಿ ‘ಮಾಡ್ತಾರಂತಲ್ಲ’ ಅಂದದ್ದು ಹಾಗೇ ಅಲ್ವಾ?

ಕೊನೆಗೆ, ಹಿಂಬರಹಕ್ಕೆ ಮರುಪತ್ರ

ಸುತ್ತು ಹಾಕಿ, ಗೆರೆ ಎಳೆದ ಕಾಗದ ಈಗ ನಿಮ್ಮ ಮುಂದಿದೆ. ಅದರ ಪ್ರಶ್ನೆಗಳನ್ನೇ ಪತ್ರ ಮಾಡಿ. ನಾನು ಕೊಟ್ಟದ್ದು ಇದು:

“ತಮ್ಮ ಹಿಂಬರಹ ತಲುಪಿದೆ, ಧನ್ಯವಾದ. ಅದರಲ್ಲಿ ಈ ವಿಷಯಗಳು ನನಗೆ ತಿಳಿಯಲಿಲ್ಲ. ಸ್ಥಳ ಪರಿಶೀಲನೆ ಮಾಡಿದ ಅಧಿಕಾರಿಯ ಹುದ್ದೆ ಯಾವುದು, ಯಾವ ದಿನ ಮಾಡಿದರು? ಅಂದಾಜು ಪಟ್ಟಿ ಆಗಿದ್ದರೆ ಮೊತ್ತ ಎಷ್ಟು? ಕೆಲಸ ಯಾವ ಸಾಲಿನ ಕ್ರಿಯಾ ಯೋಜನೆಯಲ್ಲಿದೆ? ಇಲ್ಲದಿದ್ದರೆ ಯಾವ ಸಭೆಯಲ್ಲಿ ಮಂಡಿಸುತ್ತೀರಿ? ದಯವಿಟ್ಟು 15 ದಿನದೊಳಗೆ ತಿಳಿಸಿ. 16ನೇ ದಿನ ನಾನೇ ಬಂದು ವಿಚಾರಿಸುತ್ತೇನೆ.”

ಕೊನೆಯ ಸಾಲಿನಲ್ಲಿ ಕರ್ತೃ ನಾನೇ, ದಿನಾಂಕವೂ ಇದೆ. ಆದ್ದರಿಂದ 16ನೇ ದಿನ ಹೋಗಲೇಬೇಕು, ಹೋದೆ. ಜೊತೆಗೆ ಬೀದಿಯ ನಾಲ್ಕು ಜನ ಬಂದರು. ಮುಂದಿನ ವಾರ ಕಿರಿಯ ಇಂಜಿನಿಯರ್ ಟೇಪ್ ಹಿಡಿದು ಬಂದು ಅಳತೆ ತೆಗೆದುಕೊಂಡರು. ಶಾಲೆಯ ಕಡೆಯ ಅರ್ಧಕ್ಕೆ ಈಗ ಕಲ್ಲು ಬಿದ್ದಿದೆ. ಅಜ್ಜಿಯ ಮನೆ ಮುಂದಿನ ಅರ್ಧ ಈ ಸಾಲಿನ ಕ್ರಿಯಾ ಯೋಜನೆಯಲ್ಲಿದೆ. ಅದರ ಕ್ರಮ ಸಂಖ್ಯೆ ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದೆ.

ಮರುಪತ್ರವನ್ನು ಎರಡು ಪ್ರತಿ ಮಾಡಿ. ಒಂದನ್ನು ಟಪಾಲಿಗೆ ಕೊಡಿ. ಇನ್ನೊಂದರ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬನ್ನಿ. “ನಂಬರ್ ಆಮೇಲೆ ಬರುತ್ತೆ” ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತು ಕಾಯಿರಿ.